ಮನೆಯಂಗಳದ ವೃಕ್ಷಪಾಲನೆ

ಮನೆಯಂಗಳದ ವೃಕ್ಷಪಾಲನೆಯು ವಾಸದ ನಿವೇಶನಗಳಲ್ಲಿ, ಮುಖ್ಯವಾಗಿ ನಗರದ ಹೊರವಲಯದ ಬಡಾವಣೆಗಳಲ್ಲಿ, ಬೆಳೆದು ನಿಂತ ದೊಡ್ಡ ಮರಗಳನ್ನು ತರಬೇತಿ ಪಡೆದವರು ಪರೀಕ್ಷಿಸುವ, ಸವರುವ, ರೋಗ ಮತ್ತು ಕೀಟಗಳಿಂದ ಕಾಪಾಡುವ, ಅಗತ್ಯ ಬಿದ್ದಾಗ ಆಧಾರ ಕೊಡುವ ಅಥವಾ ಸುರಕ್ಷಿತವಾಗಿ ತೆರವುಗೊಳಿಸುವ ವೃತ್ತಿಯಾಗಿದೆ. ಇದು ಆರ್ಬೊರಿಕಲ್ಚರ್ ಎಂದು ಕರೆಯಲ್ಪಡುವ ವೃಕ್ಷಪಾಲನಾ ಶಾಸ್ತ್ರದ ಒಂದು ಭಾಗ. ಈ ವೃತ್ತಿಯಲ್ಲಿ ತೊಡಗಿದವರನ್ನು ಆರ್ಬೊರಿಸ್ಟ್ ಅಥವಾ ವೃಕ್ಷಪಾಲಕ ಎಂದು ಕರೆಯುತ್ತಾರೆ. ಅರಣ್ಯಶಾಸ್ತ್ರವು ಮರಗಳನ್ನು ಸಮೂಹವಾಗಿ ಪರಿಗಣಿಸಿದರೆ, ತೋಟಗಾರಿಕೆಯು ಫಸಲನ್ನು ಮುಖ್ಯವಾಗಿ ಗಮನಿಸುತ್ತದೆ. ವೃಕ್ಷಪಾಲನೆಯಲ್ಲಿ ಒಂದೊಂದು ಮರವನ್ನೂ ಅದು ನಿಂತಿರುವ ಜಾಗ, ಅದರ ಕೆಳಗೆ ಓಡಾಡುವ ಜನ ಮತ್ತು ಅದರ ಪಕ್ಕದ ಕಟ್ಟಡಗಳೊಂದಿಗೆ ಬಿಡಿಯಾಗಿ ನೋಡಲಾಗುತ್ತದೆ.

ಮನೆಯ ಪಕ್ಕದ ದೊಡ್ಡ ಮರವು ನೆರಳು, ತಂಪು, ಹಕ್ಕಿಗಳಿಗೆ ಆಸರೆ ನೀಡುವುದರ ಜೊತೆಗೆ ಮಳೆನೀರಿನ ಹರಿವಿನ ವೇಗವನ್ನೂ ತಗ್ಗಿಸುತ್ತದೆ. ಅದೇ ಮರದ ಕೊಂಬೆ ಮುರಿದು ಬಿದ್ದರೆ ಪ್ರಾಣಹಾನಿಯೂ ಆಗಬಹುದು. ಐವತ್ತು ಅಥವಾ ನೂರು ವರ್ಷಗಳಲ್ಲಿ ಬೆಳೆದ ಮರವನ್ನು ಒಂದೇ ದಿನದಲ್ಲಿ ಕಡಿಯಬಹುದಾದರೂ ಅದರ ಸ್ಥಾನವನ್ನು ಇನ್ನೊಂದು ಸಸಿ ತುಂಬಲು ಮತ್ತೆ ಅಷ್ಟೇ ಕಾಲ ಬೇಕಾಗುತ್ತದೆ. ಆದುದರಿಂದ ಯಾವ ಮರವನ್ನು ಉಳಿಸಬಹುದು, ಹೇಗೆ ಉಳಿಸಬಹುದು ಮತ್ತು ಯಾವುದನ್ನು ತೆಗೆಯಲೇಬೇಕು ಎಂಬ ನಿರ್ಣಯವು ಈ ವೃತ್ತಿಯ ಕೇಂದ್ರ ವಿಷಯವಾಗಿದೆ.

ಇತಿಹಾಸ

ಮರಗಳನ್ನು ಸವರುವ ಮತ್ತು ಪೋಷಿಸುವ ಪದ್ಧತಿಗಳು ಪ್ರಾಚೀನವಾದವು. ಇಂಗ್ಲೆಂಡಿನಲ್ಲಿ ಜಾನ್ ಈವ್ಲಿನ್ 1664ರಲ್ಲಿ ಪ್ರಕಟಿಸಿದ 'ಸಿಲ್ವಾ' ಎಂಬ ಗ್ರಂಥವು ಮರಗಳ ನೆಡುವಿಕೆ ಮತ್ತು ಪೋಷಣೆಯನ್ನು ಕುರಿತ ಪ್ರಸಿದ್ಧ ಆರಂಭಿಕ ಕೃತಿಗಳಲ್ಲಿ ಒಂದು. ಆದರೆ ಮನೆಯಂಗಳದ ಮರಗಳ ಆರೈಕೆಯು ಪ್ರತ್ಯೇಕ ವೃತ್ತಿಯಾಗಿ ರೂಪುಗೊಂಡದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಬಹುಮಟ್ಟಿಗೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ.

ಇಂಗ್ಲೆಂಡಿನಲ್ಲಿ 1846ರಲ್ಲಿ ಜನಿಸಿ ಅಮೆರಿಕಕ್ಕೆ ವಲಸೆ ಹೋದ ಜಾನ್ ಡೇವಿ ಒಹಾಯೊ ರಾಜ್ಯದ ಕೆಂಟ್ ಪಟ್ಟಣದಲ್ಲಿ ನೆಲೆಸಿ, 1901ರಲ್ಲಿ 'ದಿ ಟ್ರೀ ಡಾಕ್ಟರ್' ಎಂಬ ಪುಸ್ತಕವನ್ನು ಪ್ರಕಟಿಸಿದನು. ಅವನ ಹೆಸರಿನ ಸಂಸ್ಥೆಯು 1909ರಲ್ಲಿ ನೋಂದಣಿಯಾಯಿತು. ಫ್ರಾನ್ಸಿಸ್ ಬಾರ್ಟ್ಲೆಟ್ 1907ರಲ್ಲಿ ಇಂತಹುದೇ ಮತ್ತೊಂದು ಸಂಸ್ಥೆಯನ್ನು ಆರಂಭಿಸಿದನು. ಆ ಕಾಲದಲ್ಲಿ ಮರದ ಪೊಟರೆಯೊಳಗಿನ ಕೊಳೆತ ಭಾಗವನ್ನು ಕೆತ್ತಿ ತೆಗೆದು, ಹಲ್ಲಿನ ಕುಳಿಯನ್ನು ತುಂಬುವಂತೆ ಕಾಂಕ್ರೀಟ್ ತುಂಬುವುದು ರೂಢಿಯಲ್ಲಿತ್ತು. ಗಾಳಿಗೆ ಬಾಗುವ ಮರದೊಳಗೆ ಬಾಗದ ಕಾಂಕ್ರೀಟ್ ಇರುವುದರಿಂದ ಹಾಗೂ ಕೆತ್ತುವಾಗ ಆರೋಗ್ಯವಂತ ಅಂಗಾಂಶಕ್ಕೂ ಪೆಟ್ಟಾಗುವುದರಿಂದ ಈ ಪದ್ಧತಿಯನ್ನು ಈಗ ಕೈಬಿಡಲಾಗಿದೆ.

1924ರಲ್ಲಿ ನೆರಳಿನ ಮರಗಳನ್ನು ಕುರಿತ ಸಮ್ಮೇಳನವಾಗಿ ಆರಂಭವಾದ ಸಂಘಟನೆಯು ಮುಂದೆ ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಆರ್ಬೊರಿಕಲ್ಚರ್ ಎಂಬ ಹೆಸರು ಪಡೆಯಿತು. ಈ ಸಂಸ್ಥೆಯು 1992ರಿಂದ ಪರೀಕ್ಷೆಯ ಮೂಲಕ ವೃಕ್ಷಪಾಲಕರಿಗೆ ಪ್ರಮಾಣಪತ್ರ ನೀಡುತ್ತಿದೆ. ಬ್ರಿಟನ್ನಿನಲ್ಲಿ ಮರಗಳ ಕೆಲಸಕ್ಕೆ ಬಿ.ಎಸ್. 3998 ಎಂಬ ಮಾನಕವೂ, ಅಮೆರಿಕದಲ್ಲಿ ಎ300 ಎಂಬ ಮಾನಕವೂ ಬಳಕೆಯಲ್ಲಿವೆ.

ಗಾಯ ಮತ್ತು ಕೊಳೆತದ ಜೀವಶಾಸ್ತ್ರ

ಆಧುನಿಕ ವೃಕ್ಷಪಾಲನೆಗೆ ವೈಜ್ಞಾನಿಕ ತಳಹದಿ ಹಾಕಿದವರಲ್ಲಿ ಅಮೆರಿಕದ ಅರಣ್ಯ ಸೇವೆಯ ಸಸ್ಯರೋಗ ವಿಜ್ಞಾನಿ ಅಲೆಕ್ಸ್ ಶೈಗೊ (1930–2006) ಪ್ರಮುಖರು. ಯಂತ್ರಗರಗಸದಿಂದ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ, ಗಾಯದಿಂದ ಆರಂಭವಾದ ಕೊಳೆತವು ಒಳಗೆ ಹೇಗೆ ಹರಡುತ್ತದೆ ಎಂಬುದನ್ನು ಅವರು ಅಧ್ಯಯನ ಮಾಡಿದರು. ಪ್ರಾಣಿಗಳ ದೇಹದಲ್ಲಿ ಗಾಯವಾದ ಸ್ಥಳದಲ್ಲೇ ಹೊಸ ಅಂಗಾಂಶ ಬೆಳೆದು ಗಾಯ ವಾಸಿಯಾಗುತ್ತದೆ. ಮರದಲ್ಲಿ ಹಾಗಾಗುವುದಿಲ್ಲ. ಮರವು ಗಾಯಗೊಂಡ ಭಾಗವನ್ನು ಗೋಡೆ ಕಟ್ಟಿದಂತೆ ಪ್ರತ್ಯೇಕಿಸಿ, ಅದರ ಹೊರಗೆ ಹೊಸ ಕಟ್ಟಿಗೆಯನ್ನು ಬೆಳೆಸುತ್ತದೆ. ಹಳೆಯ ಗಾಯ ಒಳಗೇ ಉಳಿಯುತ್ತದೆ. 1970ರ ದಶಕದಲ್ಲಿ ರೂಪುಗೊಂಡ ಈ ವಿವರಣೆಯು 'ಕೋಡಿಟ್' ಎಂಬ ಸಂಕ್ಷಿಪ್ತನಾಮದಿಂದ ಪ್ರಸಿದ್ಧವಾಗಿದೆ.

ಈ ವಿವರಣೆಯಲ್ಲಿ ನಾಲ್ಕು 'ಗೋಡೆ'ಗಳಿವೆ:

- ಮೊದಲನೆಯದು ಕೊಳೆತವು ಮೇಲಕ್ಕೂ ಕೆಳಕ್ಕೂ ಹರಡದಂತೆ ನೀರುನಾಳಗಳನ್ನು ಮುಚ್ಚುವುದರಿಂದ ಉಂಟಾಗುತ್ತದೆ. ಇದು ಅತ್ಯಂತ ದುರ್ಬಲವಾದುದು.
- ಎರಡನೆಯದು ವಾರ್ಷಿಕ ಉಂಗುರಗಳ ಗಟ್ಟಿ ಭಾಗ. ಇದು ಕೊಳೆತವು ತಿರುಳಿನ ಕಡೆಗೆ ಸಾಗುವುದನ್ನು ತಡೆಯುತ್ತದೆ.
- ಮೂರನೆಯದು ತಿರುಳಿನಿಂದ ತೊಗಟೆಯತ್ತ ಚಾಚಿರುವ ಕಿರಣಕೋಶಗಳು. ಇವು ಕಾಂಡದ ಸುತ್ತಲೂ ಕೊಳೆತ ಹರಡುವುದನ್ನು ತಡೆಯುತ್ತವೆ.
- ನಾಲ್ಕನೆಯದು ಗಾಯವಾದ ನಂತರ ಕ್ಯಾಂಬಿಯಂ ಪದರವು ಹೊಸದಾಗಿ ನಿರ್ಮಿಸುವ ತಡೆ. ಇದು ಎಲ್ಲಕ್ಕಿಂತ ಬಲವಾದುದು. ಗಾಯದ ನಂತರ ಬೆಳೆದ ಕಟ್ಟಿಗೆಯನ್ನು ಇದು ಕೊಳೆತದಿಂದ ರಕ್ಷಿಸುತ್ತದೆ.

ಒಳಭಾಗ ಟೊಳ್ಳಾಗಿದ್ದರೂ ಹೊರಭಾಗ ಹಸಿರಾಗಿ ನಿಂತಿರುವ ಮರಗಳು ಕಾಣಸಿಗುವುದಕ್ಕೆ ಈ ವ್ಯವಸ್ಥೆಯೇ ಕಾರಣ. ಪೊಟರೆ ಇದ್ದ ಮಾತ್ರಕ್ಕೆ ಮರ ಬೀಳುತ್ತದೆ ಎನ್ನಲಾಗದು. ಪೊಟರೆಯ ಸುತ್ತ ಉಳಿದಿರುವ ಗಟ್ಟಿ ಕಟ್ಟಿಗೆಯ ದಪ್ಪ, ಅದರ ಹಂಚಿಕೆ ಮತ್ತು ಮರದ ಮೇಲೆ ಬೀಳುವ ಗಾಳಿಯ ಒತ್ತಡವನ್ನು ಒಟ್ಟಾಗಿ ನೋಡಬೇಕಾಗುತ್ತದೆ. ಮರದ ವಯಸ್ಸು ಹೆಚ್ಚಿದಂತೆ ಗಾಯದ ಸುತ್ತ ಗೋಡೆ ಕಟ್ಟಲು ಬೇಕಾದ ಸಂಗ್ರಹಿತ ಆಹಾರವು ಒಟ್ಟು ದೇಹಕ್ಕೆ ಹೋಲಿಸಿದರೆ ಕಡಿಮೆಯಾಗುತ್ತದೆ. ಆದುದರಿಂದ ಎಳೆಯ ಮರ ಸುಲಭವಾಗಿ ತಾಳಿಕೊಳ್ಳುವ ಪೆಟ್ಟನ್ನು ಹಿರಿಯ ಮರ ತಾಳಿಕೊಳ್ಳದೆ ಹೋಗಬಹುದು.

ಪರೀಕ್ಷೆ ಮತ್ತು ಅಪಾಯದ ಅಂದಾಜು

ಪಾಲನೆಯ ಮೊದಲ ಹೆಜ್ಜೆ ಮರದ ಪರೀಕ್ಷೆ. ಜರ್ಮನಿಯ ಕಾರ್ಲ್ಸ್‌ರೂ ನಗರದ ವಿಜ್ಞಾನಿ ಕ್ಲಾಸ್ ಮಾಟ್ಹೆಕ್ ರೂಪಿಸಿದ ದೃಶ್ಯಪರೀಕ್ಷಾ ಪದ್ಧತಿಯು ವ್ಯಾಪಕವಾಗಿ ಬಳಕೆಯಲ್ಲಿದೆ. ದುರ್ಬಲವಾದ ಜಾಗದಲ್ಲಿ ಮರವು ಹೆಚ್ಚು ಕಟ್ಟಿಗೆ ಬೆಳೆಸಿ ತನ್ನನ್ನು ಬಲಪಡಿಸಿಕೊಳ್ಳುತ್ತದೆ ಎಂಬುದು ಅದರ ಆಧಾರ. ಕಾಂಡದ ಮೇಲಿನ ಅಸಹಜ ಉಬ್ಬು ಅಥವಾ ಏಣುಗಳು ಒಳಗಿನ ದೋಷವನ್ನು ಸೂಚಿಸುತ್ತವೆ.

ಪರೀಕ್ಷಕರು ಸಾಮಾನ್ಯವಾಗಿ ಗಮನಿಸುವ ಲಕ್ಷಣಗಳು ಹೀಗಿವೆ:

- ಬುಡದಲ್ಲಿ ಅಥವಾ ಕಾಂಡದಲ್ಲಿ ಮೂಡಿದ ಅಣಬೆಗಳು;
- ಬುಡದ ಒಂದು ಬದಿಯಲ್ಲಿ ಎದ್ದ ಅಥವಾ ಬಿರುಕು ಬಿಟ್ಟ ಮಣ್ಣು;
- ಹಿಂದೆ ಇಲ್ಲದೆ ಹೊಸದಾಗಿ ಕಾಣಿಸಿಕೊಂಡ ವಾಲುವಿಕೆ;
- ಕಾಂಡದ ಉದ್ದಕ್ಕೂ ಹಾದ ಸೀಳು;
- ಒಂದೇ ಗಾತ್ರದ ಎರಡು ಕವಲುಗಳ ನಡುವೆ ಸಿಕ್ಕಿಕೊಂಡ ತೊಗಟೆ;
- ಮೇಲುಭಾಗದಲ್ಲಿ ಒಣಗುತ್ತಿರುವ ರೆಂಬೆಗಳು ಮತ್ತು ವಿರಳವಾಗುತ್ತಿರುವ ಎಲೆಗಳು.

ಎರಡು ಕವಲುಗಳ ನಡುವೆ ತೊಗಟೆ ಸಿಕ್ಕಿಕೊಂಡಿದ್ದರೆ ಅಲ್ಲಿ ಕಟ್ಟಿಗೆ ಒಂದಕ್ಕೊಂದು ಬೆಸೆದಿರುವುದಿಲ್ಲ. ಇಂತಹ ಕವಲುಗಳು ಬಿರುಗಾಳಿಯಲ್ಲಿ ಸೀಳಿಕೊಳ್ಳುವ ಸಂಭವ ಹೆಚ್ಚು.

ಮರದ ಸುತ್ತಿಗೆಯಿಂದ ಕಾಂಡವನ್ನು ತಟ್ಟಿ ಸದ್ದಿನ ವ್ಯತ್ಯಾಸದಿಂದ ಟೊಳ್ಳನ್ನು ಗುರುತಿಸುವುದು ಹಳೆಯ ವಿಧಾನ. ಸಂದೇಹ ಉಳಿದಾಗ ಉಪಕರಣಗಳನ್ನು ಬಳಸುತ್ತಾರೆ. ಸೂಜಿಯಂತಹ ಸಣ್ಣ ಬೈರಿಗೆಯನ್ನು ಕಾಂಡದೊಳಗೆ ಇಳಿಸಿ ಪ್ರತಿರೋಧವನ್ನು ದಾಖಲಿಸುವ ಯಂತ್ರ ಹಾಗೂ ಕಾಂಡದ ಸುತ್ತ ಸಂವೇದಕಗಳನ್ನಿಟ್ಟು ಶಬ್ದತರಂಗದ ವೇಗದಿಂದ ಒಳಭಾಗದ ಚಿತ್ರ ರಚಿಸುವ ಯಂತ್ರ ಇವುಗಳಲ್ಲಿ ಮುಖ್ಯವಾದವು.

ಅಪಾಯವನ್ನು ಅಂದಾಜಿಸುವಾಗ ಮೂರು ಪ್ರಶ್ನೆಗಳನ್ನು ಕೇಳಲಾಗುತ್ತದೆ: ಮರ ಅಥವಾ ಕೊಂಬೆ ಮುರಿಯುವ ಸಾಧ್ಯತೆ ಎಷ್ಟು; ಮುರಿದರೆ ಅದು ಜನರ ಅಥವಾ ಆಸ್ತಿಯ ಮೇಲೆ ಬೀಳುವ ಸಾಧ್ಯತೆ ಎಷ್ಟು; ಬಿದ್ದರೆ ಆಗುವ ಹಾನಿ ಎಷ್ಟು. ಹಿತ್ತಿಲ ಮೂಲೆಯಲ್ಲಿ ಯಾರೂ ಓಡಾಡದ ಜಾಗದಲ್ಲಿರುವ ಒಣಮರಕ್ಕಿಂತ ಮಕ್ಕಳು ಆಡುವ ಅಂಗಳದ ಮೇಲೆ ಚಾಚಿದ ಒಂದು ಒಣಕೊಂಬೆ ಹೆಚ್ಚು ಅಪಾಯಕಾರಿ ಆಗಿರಬಹುದು. ಅಪಾಯವನ್ನು ಕಡಿಮೆ ಮಾಡಲು ಮರ ಕಡಿಯುವುದೊಂದೇ ಮಾರ್ಗವಲ್ಲ. ಕೊಂಬೆಯ ಭಾರ ಇಳಿಸುವುದು ಅಥವಾ ಅದರ ಕೆಳಗಿನ ಕುಳಿತುಕೊಳ್ಳುವ ಜಾಗ, ವಾಹನ ನಿಲುಗಡೆ ಮುಂತಾದವನ್ನು ಬೇರೆಡೆಗೆ ಸರಿಸುವುದು ಕೂಡ ಪರಿಹಾರಗಳೇ.

ಸವರುವಿಕೆ

ಬೆಳೆದ ಮರದ ಮೇಲೆ ಮಾಡುವ ಕೆಲಸಗಳಲ್ಲಿ ಸವರುವಿಕೆಯೇ ಹೆಚ್ಚಿನದು. ಉದ್ದೇಶಕ್ಕೆ ಅನುಗುಣವಾಗಿ ಇದನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಒಣಗಿದ, ಮುರಿದ ಮತ್ತು ರೋಗಪೀಡಿತ ಕೊಂಬೆಗಳನ್ನು ತೆಗೆಯುವುದು ಶುಚಿಗೊಳಿಸುವಿಕೆ. ದಟ್ಟವಾದ ಹಂದರದೊಳಗೆ ಗಾಳಿ ಬೆಳಕು ಆಡುವಂತೆ ಅಲ್ಲಲ್ಲಿ ರೆಂಬೆ ತೆಗೆಯುವುದು ವಿರಳಗೊಳಿಸುವಿಕೆ. ಓಡಾಟಕ್ಕೆ ಅಥವಾ ವಾಹನಗಳಿಗೆ ಅಡ್ಡಿಯಾಗುವ ಕೆಳಕೊಂಬೆಗಳನ್ನು ತೆಗೆಯುವುದು ಹಂದರವನ್ನು ಎತ್ತರಿಸುವಿಕೆ. ಉದ್ದನೆಯ ಕೊಂಬೆಗಳನ್ನು ಸೂಕ್ತವಾದ ಪಕ್ಕದ ರೆಂಬೆಯವರೆಗೆ ಹಿಂದಕ್ಕೆ ಕತ್ತರಿಸಿ ಮರದ ಎತ್ತರ ಅಥವಾ ಹರವನ್ನು ತಗ್ಗಿಸುವುದು ಕುಗ್ಗಿಸುವಿಕೆ. ಕುಗ್ಗಿಸುವಾಗ ಉಳಿಸುವ ಪಕ್ಕದ ರೆಂಬೆಯು ಕತ್ತರಿಸಿದ ಕೊಂಬೆಯ ಕನಿಷ್ಠ ಮೂರನೆಯ ಒಂದು ಭಾಗದಷ್ಟು ದಪ್ಪವಿರಬೇಕೆಂಬುದು ಸಾಮಾನ್ಯ ನಿಯಮ.

ಕತ್ತರಿಸುವ ಸ್ಥಳವು ಬಹಳ ಮುಖ್ಯವಾದುದು. ಕೊಂಬೆಯು ಕಾಂಡವನ್ನು ಸೇರುವಲ್ಲಿ ಕೊರಳಪಟ್ಟಿಯಂತೆ ಒಂದು ಉಬ್ಬು ಇರುತ್ತದೆ. ಈ ಉಬ್ಬಿನಲ್ಲಿರುವ ಅಂಗಾಂಶವು ಕಾಂಡಕ್ಕೆ ಸೇರಿದ್ದು, ಕೊಳೆತವನ್ನು ತಡೆಯುವ ರಕ್ಷಣಾವಲಯವೂ ಅಲ್ಲಿಯೇ ಇರುತ್ತದೆ. ಆದುದರಿಂದ ಉಬ್ಬಿನ ಹೊರ ಅಂಚಿನಲ್ಲಿ ಕತ್ತರಿಸಬೇಕು. ಕಾಂಡಕ್ಕೆ ಸಮನಾಗಿ ಕತ್ತರಿಸಿದರೆ ಉಬ್ಬು ನಾಶವಾಗಿ ಕಾಂಡದೊಳಕ್ಕೆ ಕೊಳೆತ ಪ್ರವೇಶಿಸುತ್ತದೆ. ಉದ್ದನೆಯ ಮೋಟು ಬಿಟ್ಟರೆ ಅದು ಒಣಗಿ, ಗಾಯದ ಬಾಯಿ ಮುಚ್ಚಲು ಅಡ್ಡಿಯಾಗುತ್ತದೆ.

ಭಾರವಾದ ಕೊಂಬೆಗಳನ್ನು ಮೂರು ಕೊಯ್ತಗಳಲ್ಲಿ ತೆಗೆಯುತ್ತಾರೆ. ಮೊದಲು ಕಾಂಡದಿಂದ ಸ್ವಲ್ಪ ದೂರದಲ್ಲಿ ಕೊಂಬೆಯ ಕೆಳಮೈಯಲ್ಲಿ ಅರೆಕೊಯ್ತ ಹಾಕಲಾಗುತ್ತದೆ. ಅದಕ್ಕಿಂತ ಕೊಂಚ ಆಚೆ ಮೇಲಿನಿಂದ ಕೊಯ್ದು ಕೊಂಬೆಯನ್ನು ಬೀಳಿಸಲಾಗುತ್ತದೆ. ಕೊನೆಗೆ ಉಳಿದ ಮೋಟನ್ನು ಉಬ್ಬಿನ ಅಂಚಿನಲ್ಲಿ ಕತ್ತರಿಸಲಾಗುತ್ತದೆ. ಒಂದೇ ಕೊಯ್ತದಲ್ಲಿ ತೆಗೆಯಲು ಹೋದರೆ ಬೀಳುವ ಕೊಂಬೆಯು ಕಾಂಡದ ತೊಗಟೆಯನ್ನು ಉದ್ದಕ್ಕೆ ಸುಲಿದುಕೊಂಡು ಹೋಗುತ್ತದೆ.

ಒಂದು ಋತುವಿನಲ್ಲಿ ಮರದ ಹಸಿರೆಲೆಗಳ ಕಾಲುಭಾಗಕ್ಕಿಂತ ಹೆಚ್ಚು ತೆಗೆಯಬಾರದೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಹಿರಿಯ ಮರಗಳಲ್ಲಿ ಈ ಪ್ರಮಾಣವು ಇನ್ನೂ ಕಡಿಮೆ ಇರಬೇಕು, ಏಕೆಂದರೆ ಎಲೆಗಳೇ ಮರದ ಆಹಾರದ ಮೂಲ.

ತಲೆ ಕಡಿಯುವಿಕೆ

ಮರ ಎತ್ತರವಾಯಿತೆಂಬ ಭಯದಿಂದ ಎಲ್ಲ ಮುಖ್ಯ ಕೊಂಬೆಗಳನ್ನೂ ನಡುವಿನಲ್ಲಿ ಕಡಿದು ಬೋಳಾಗಿಸುವ ಪದ್ಧತಿಯನ್ನು ವೃಕ್ಷಪಾಲನೆಯ ತಜ್ಞರು ಬಹುತೇಕ ಒಮ್ಮತದಿಂದ ವಿರೋಧಿಸುತ್ತಾರೆ. ಇದರಿಂದ ಮರವು ಒಮ್ಮೆಲೇ ಎಲೆಗಳನ್ನು ಕಳೆದುಕೊಂಡು, ಕೂಡಿಟ್ಟ ಆಹಾರವನ್ನು ಖರ್ಚು ಮಾಡಿ ಕಡಿದ ತುದಿಗಳಲ್ಲಿ ಅನೇಕ ಚಿಗುರುಗಳನ್ನು ಹೊರಡಿಸುತ್ತದೆ. ಈ ಚಿಗುರುಗಳು ವೇಗವಾಗಿ ಬೆಳೆದು ಕೆಲವೇ ವರ್ಷಗಳಲ್ಲಿ ಮರವನ್ನು ಹಿಂದಿನ ಎತ್ತರದ ಸಮೀಪಕ್ಕೆ ತರುತ್ತವೆ. ಆದರೆ ಅವು ಮೇಲ್ಪದರದಲ್ಲಷ್ಟೇ ಅಂಟಿಕೊಂಡಿರುತ್ತವೆ ಮತ್ತು ಅವುಗಳ ಬುಡದಲ್ಲಿ ಕೊಳೆತ ಮುಂದುವರಿಯುತ್ತಿರುತ್ತದೆ. ಅಪಾಯ ತಪ್ಪಿಸಲು ಮಾಡಿದ ಕೆಲಸವೇ ಹೀಗೆ ಮುಂದಿನ ಅಪಾಯಕ್ಕೆ ಕಾರಣವಾಗುತ್ತದೆ. ಎಳೆಯ ವಯಸ್ಸಿನಿಂದಲೇ ನಿಯತವಾಗಿ ಅದೇ ಗಂಟುಗಳಲ್ಲಿ ಚಿಗುರು ಕತ್ತರಿಸುವ ಯುರೋಪಿನ ಪೊಲಾರ್ಡಿಂಗ್ ಪದ್ಧತಿ ಇದಕ್ಕಿಂತ ಬೇರೆಯಾದುದು.

ಗಾಯಕ್ಕೆ ಬಣ್ಣ ಅಥವಾ ಡಾಂಬರು ಬಳಿಯುವುದರಿಂದ ಕೊಳೆತ ನಿಲ್ಲುವುದಿಲ್ಲ ಎಂದೂ ಶೈಗೊ ಮತ್ತು ಇತರರ ಸಂಶೋಧನೆಗಳು ತೋರಿಸಿವೆ. ಇದಕ್ಕೆ ಒಂದು ಅಪವಾದವಿದೆ. ಅಮೆರಿಕದ ಓಕ್ ಬಾಡುರೋಗವಿರುವ ಪ್ರದೇಶಗಳಲ್ಲಿ ಹೊಸ ಗಾಯಕ್ಕೆ ಆಕರ್ಷಿತವಾಗುವ ದುಂಬಿಗಳು ರೋಗಾಣುವನ್ನು ತರುವುದರಿಂದ ವಸಂತ ಮತ್ತು ಬೇಸಿಗೆಯ ಆರಂಭದಲ್ಲಿ ಓಕ್ ಮರಗಳನ್ನು ಸವರುವುದಿಲ್ಲ. ಅನಿವಾರ್ಯವಾದರೆ ಗಾಯಕ್ಕೆ ಕೂಡಲೇ ಬಣ್ಣ ಬಳಿಯಲಾಗುತ್ತದೆ.

ಬೇರು ಮತ್ತು ಮಣ್ಣು

ಮರದ ಬೇರುಗಳು ಹಂದರದಷ್ಟೇ ಆಳಕ್ಕೆ ಇಳಿದಿರುತ್ತವೆ ಎಂಬ ನಂಬಿಕೆ ಸಾಮಾನ್ಯವಾಗಿದ್ದರೂ ಅದು ಸರಿಯಲ್ಲ. ಹೆಚ್ಚಿನ ಮರಗಳ ಬಹುಪಾಲು ಬೇರುಗಳು ನೆಲದ ಮೇಲಿನ 60 ಸೆಂಟಿಮೀಟರ್ ಮಣ್ಣಿನಲ್ಲಿಯೇ ಇದ್ದು, ಅಡ್ಡಲಾಗಿ ಹಂದರದ ಅಂಚನ್ನು ಮೀರಿ ಬಹುದೂರ ಹರಡಿರುತ್ತವೆ. ಬೇರುಗಳಿಗೆ ನೀರಿನಷ್ಟೇ ಆಮ್ಲಜನಕವೂ ಬೇಕು. ವಾಹನಗಳ ಓಡಾಟದಿಂದ ಮಣ್ಣು ಗಟ್ಟಿಯಾಗುವುದು, ಅಂಗಳಕ್ಕೆ ಕಾಂಕ್ರೀಟ್ ಹಾಕುವುದು, ಬುಡದ ಸುತ್ತ ಮಣ್ಣು ಏರಿಸುವುದು ಹಾಗೂ ಕೊಳವೆಗಳಿಗಾಗಿ ಅಗೆಯುವುದು ಬೇರುಗಳ ನಾಶಕ್ಕೆ ಮುಖ್ಯ ಕಾರಣಗಳು. ಇದರ ಪರಿಣಾಮವು ಕೂಡಲೇ ಕಾಣುವುದಿಲ್ಲ. ಮನೆ ಕಟ್ಟಿದ ಹಲವು ವರ್ಷಗಳ ನಂತರ ಮರದ ನೆತ್ತಿ ಒಣಗಲು ಆರಂಭಿಸಿದಾಗ ಅದಕ್ಕೂ ಕಟ್ಟಡದ ಕೆಲಸಕ್ಕೂ ಇರುವ ಸಂಬಂಧ ಮಾಲೀಕರ ಗಮನಕ್ಕೆ ಬಾರದೆ ಹೋಗಬಹುದು.

ಬ್ರಿಟನ್ನಿನ ಬಿ.ಎಸ್. 5837 ಮಾನಕವು ಕಟ್ಟಡದ ಕೆಲಸ ನಡೆಯುವಾಗ ರಕ್ಷಿಸಬೇಕಾದ ಬೇರುವಲಯವನ್ನು ಲೆಕ್ಕಹಾಕುವ ಸರಳ ಕ್ರಮವನ್ನು ನೀಡಿದೆ. ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಾಂಡದ ವ್ಯಾಸವನ್ನು ಅಳೆದು, ಅದರ 12 ಪಟ್ಟನ್ನು ತ್ರಿಜ್ಯವಾಗಿ ಇಟ್ಟುಕೊಂಡು ವೃತ್ತ ಎಳೆಯಲಾಗುತ್ತದೆ. ಉದಾಹರಣೆಗೆ, 60 ಸೆಂಟಿಮೀಟರ್ ವ್ಯಾಸದ ಮರಕ್ಕೆ ಈ ತ್ರಿಜ್ಯ 7.2 ಮೀಟರ್ ಆಗುತ್ತದೆ. ಈ ವಲಯಕ್ಕೆ ಬೇಲಿ ಹಾಕಿ, ಒಳಗೆ ಸಾಮಗ್ರಿ ಪೇರಿಸುವುದನ್ನೂ ಸಿಮೆಂಟು ಕಲಸುವುದನ್ನೂ ವಾಹನ ನಿಲ್ಲಿಸುವುದನ್ನೂ ನಿಷೇಧಿಸಲಾಗುತ್ತದೆ.

ಬುಡದ ಸುತ್ತ ತರಗೆಲೆ, ಕಟ್ಟಿಗೆ ಚೂರು ಅಥವಾ ಕೊಳೆತ ಎಲೆಗೊಬ್ಬರವನ್ನು 5ರಿಂದ 10 ಸೆಂಟಿಮೀಟರ್ ದಪ್ಪಕ್ಕೆ ಹರಡುವುದು ಕಡಿಮೆ ಖರ್ಚಿನ, ಪರಿಣಾಮಕಾರಿ ಆರೈಕೆ. ಇದರಿಂದ ತೇವ ಉಳಿಯುತ್ತದೆ ಮತ್ತು ಮಣ್ಣು ಸಡಿಲವಾಗುತ್ತದೆ. ಹುಲ್ಲು ಕತ್ತರಿಸುವ ಯಂತ್ರವು ಕಾಂಡಕ್ಕೆ ತಾಗುವುದೂ ತಪ್ಪುತ್ತದೆ. ಈ ಹೊದಿಕೆಯನ್ನು ಕಾಂಡಕ್ಕೆ ತಾಗದಂತೆ ಹರಡಬೇಕು. ರಾಶಿ ಹಾಕಿದರೆ ತೊಗಟೆ ಸದಾ ಒದ್ದೆಯಾಗಿದ್ದು ಕೊಳೆಯುತ್ತದೆ. ಗಟ್ಟಿಯಾದ ಮಣ್ಣನ್ನು ಬೇರಿಗೆ ಪೆಟ್ಟಾಗದಂತೆ ಸಡಿಲಿಸಲು ಒತ್ತಡದ ಗಾಳಿಯ ಉಪಕರಣಗಳನ್ನೂ ಬಳಸುತ್ತಾರೆ.

ರೋಗ ಮತ್ತು ಕೀಟ

ಒಂದೇ ಜಾತಿಯ ಮರಗಳನ್ನು ಸಾಲಾಗಿ ನೆಟ್ಟ ಬಡಾವಣೆಗಳಲ್ಲಿ ಹೊಸ ರೋಗವೊಂದು ಇಡೀ ಬೀದಿಯನ್ನು ಬರಿದಾಗಿಸಬಲ್ಲದು. 1930ರ ಸುಮಾರಿಗೆ ಅಮೆರಿಕದಲ್ಲಿ ಕಾಣಿಸಿಕೊಂಡ ಡಚ್ ಎಲ್ಮ್ ರೋಗವು ಇದಕ್ಕೆ ಪ್ರಸಿದ್ಧ ಉದಾಹರಣೆ. ತೊಗಟೆ ಕೊರೆಯುವ ದುಂಬಿಗಳಿಂದ ಹರಡುವ ಈ ಶಿಲೀಂಧ್ರವು ಅಕ್ಕಪಕ್ಕದ ಮರಗಳ ಬೆಸೆದುಕೊಂಡ ಬೇರುಗಳ ಮೂಲಕವೂ ಸಾಗಿ, ಅನೇಕ ಪಟ್ಟಣಗಳ ಎಲ್ಮ್ ಸಾಲುಗಳನ್ನು ನಾಶಮಾಡಿತು. ಪೂರ್ವ ಏಷ್ಯಾ ಮೂಲದ ಹಸಿರು ಬಣ್ಣದ ಆಶ್ ಕೊರಕ ದುಂಬಿಯು 2002ರಲ್ಲಿ ಮಿಚಿಗನ್ ರಾಜ್ಯದಲ್ಲಿ ಪತ್ತೆಯಾಯಿತು. ಅದು ಉತ್ತರ ಅಮೆರಿಕದಲ್ಲಿ ಕೋಟಿಗಟ್ಟಲೆ ಆಶ್ ಮರಗಳನ್ನು ಕೊಂದಿದೆ. ಎಮಾಮೆಕ್ಟಿನ್ ಬೆಂಜೊಯೇಟ್ ಎಂಬ ಕೀಟನಾಶಕವನ್ನು ಕಾಂಡದೊಳಕ್ಕೆ ಚುಚ್ಚಿ ಬೆಲೆಬಾಳುವ ಮರಗಳನ್ನು ಉಳಿಸಿಕೊಳ್ಳಬಹುದು. ಈ ಚಿಕಿತ್ಸೆಯನ್ನು ಕೆಲವು ವರ್ಷಗಳಿಗೊಮ್ಮೆ ಪುನರಾವರ್ತಿಸಬೇಕಾಗುತ್ತದೆ. ಮರ ಬಹುಪಾಲು ಒಣಗಿದ ಮೇಲೆ ಇದರಿಂದ ಪ್ರಯೋಜನವಿಲ್ಲ.

ಆಧಾರ ಮತ್ತು ಸಿಡಿಲು ರಕ್ಷಣೆ

ದುರ್ಬಲ ಕವಲುಗಳಿರುವ ಮರಗಳಲ್ಲಿ ಎರಡು ಕೊಂಬೆಗಳನ್ನು ಉಕ್ಕಿನ ಅಥವಾ ಕೃತಕ ನಾರಿನ ಹಗ್ಗದಿಂದ ಜೋಡಿಸುವ ಪದ್ಧತಿಯಿದೆ. ಕವಲಿನಿಂದ ಕೊಂಬೆಯ ತುದಿಯವರೆಗಿನ ಎತ್ತರದ ಸುಮಾರು ಮೂರನೆಯ ಎರಡು ಭಾಗದಲ್ಲಿ ಹಗ್ಗ ಕಟ್ಟುತ್ತಾರೆ. ಕೊಂಬೆಯ ಸುತ್ತ ತಂತಿ ಬಿಗಿದರೆ ಅದು ಬೆಳೆಯುವ ತೊಗಟೆಯನ್ನು ಕತ್ತರಿಸಿ ಆಹಾರ ಸಾಗಣೆಯನ್ನು ತಡೆಯುವುದರಿಂದ ಉಕ್ಕಿನ ಹಗ್ಗವನ್ನು ಕೊಂಬೆಯೊಳಗೆ ಕೂರಿಸಿದ ಬೋಲ್ಟಿಗೆ ಜೋಡಿಸಲಾಗುತ್ತದೆ. ಇಂತಹ ಆಧಾರಗಳನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕು. ಎತ್ತರದ ಒಂಟಿ ಮರಗಳಿಗೆ ತಾಮ್ರದ ವಾಹಕವನ್ನು ನೆತ್ತಿಯಿಂದ ನೆಲದವರೆಗೆ ಇಳಿಸಿ ಸಿಡಿಲಿನಿಂದ ರಕ್ಷಿಸುವುದೂ ಉಂಟು.

ಕೆಲಸದ ವಿಧಾನ ಮತ್ತು ಸುರಕ್ಷತೆ

ಮರದ ಕೆಲಸವು ಅತ್ಯಂತ ಅಪಾಯಕಾರಿ ವೃತ್ತಿಗಳಲ್ಲಿ ಒಂದು. ಎತ್ತರದಿಂದ ಬೀಳುವುದು, ಕಡಿದ ಕೊಂಬೆ ಮೇಲೆ ಬೀಳುವುದು, ವಿದ್ಯುತ್ ಆಘಾತ ಮತ್ತು ಯಂತ್ರಗರಗಸದ ಗಾಯಗಳು ಸಾವುನೋವುಗಳ ಮುಖ್ಯ ಕಾರಣಗಳು. ಕೆಲಸಗಾರರು ಸೊಂಟ ಮತ್ತು ತೊಡೆಗಳನ್ನು ಹಿಡಿಯುವ ಸುರಕ್ಷಾ ಪಟ್ಟಿ, ಹಗ್ಗ, ಶಿರಸ್ತ್ರಾಣ, ಕಣ್ಣು ಕಿವಿಗಳ ರಕ್ಷಣೆ ಹಾಗೂ ಗರಗಸಕ್ಕೆ ಸಿಕ್ಕದ ಉಡುಪುಗಳನ್ನು ಬಳಸುತ್ತಾರೆ. ಕೆಳಗೆ ಮನೆ, ಕಾಂಪೌಂಡು ಗೋಡೆ ಅಥವಾ ಬಾವಿ ಇದ್ದಾಗ ಕಡಿದ ಕೊಂಬೆಯನ್ನು ಹಗ್ಗ ಮತ್ತು ರಾಟೆಯ ನೆರವಿನಿಂದ ನಿಧಾನವಾಗಿ ಇಳಿಸಲಾಗುತ್ತದೆ. ಉಳಿಸಬೇಕಾದ ಮರವನ್ನು ಮುಳ್ಳಿನ ಪಾದರಕ್ಷೆ ತೊಟ್ಟು ಹತ್ತಬಾರದು. ಪ್ರತಿ ಹೆಜ್ಜೆಯೂ ತೊಗಟೆಗೆ ಗಾಯವಾಗುತ್ತದೆ. ವಿದ್ಯುತ್ ತಂತಿಯ ಸಮೀಪದ ಕೆಲಸವನ್ನು ಅದಕ್ಕೆಂದೇ ತರಬೇತಿ ಪಡೆದವರು ಮಾತ್ರ ಮಾಡಬೇಕು. ಅಮೆರಿಕದ ನಿಯಮಗಳ ಪ್ರಕಾರ ಇತರರು ಸಾಮಾನ್ಯ ವಿತರಣಾ ತಂತಿಗಳಿಂದ ಕನಿಷ್ಠ 10 ಅಡಿ ದೂರವಿರಬೇಕು.

ಕಾನೂನು

ಖಾಸಗಿ ನಿವೇಶನದ ಮರವಾದರೂ ಅನೇಕ ದೇಶಗಳಲ್ಲಿ ಮಾಲೀಕರಿಗೆ ಅದನ್ನು ಕಡಿಯುವ ಪೂರ್ಣ ಸ್ವಾತಂತ್ರ್ಯವಿಲ್ಲ. ಇಂಗ್ಲೆಂಡಿನಲ್ಲಿ ಸ್ಥಳೀಯ ಯೋಜನಾ ಪ್ರಾಧಿಕಾರವು ವೃಕ್ಷ ಸಂರಕ್ಷಣಾ ಆದೇಶ ಹೊರಡಿಸಿದ ಮರವನ್ನು ಅನುಮತಿಯಿಲ್ಲದೆ ಕಡಿಯುವುದು ಅಥವಾ ಸವರುವುದು ಅಪರಾಧ. ಸಂರಕ್ಷಿತ ಪ್ರದೇಶಗಳಲ್ಲಿ ಇತರ ಮರಗಳ ಕೆಲಸಕ್ಕೂ ಆರು ವಾರಗಳ ಮುನ್ಸೂಚನೆ ಕೊಡಬೇಕು.

ನೆರೆಹೊರೆಯ ವ್ಯಾಜ್ಯಗಳಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1931ರಲ್ಲಿ ನೀಡಿದ ತೀರ್ಪು ಪ್ರಸಿದ್ಧವಾಗಿದೆ. ಪಕ್ಕದ ಮನೆಯ ಪಾಪ್ಲರ್ ಮರದ ಬೇರುಗಳು ಒಳಚರಂಡಿ ಮತ್ತು ನೆಲಮಾಳಿಗೆಗೆ ಹಾನಿ ಮಾಡಿದ್ದ ಪ್ರಕರಣ ಅದು. ಗಡಿ ದಾಟಿ ಬಂದ ಕೊಂಬೆ ಮತ್ತು ಬೇರುಗಳನ್ನು ತನ್ನ ಗಡಿಯವರೆಗೆ ಕತ್ತರಿಸಿಕೊಳ್ಳುವುದೇ ನೆರೆಯವನಿಗಿರುವ ಪರಿಹಾರವೆಂದು ನ್ಯಾಯಾಲಯ ಹೇಳಿತು. ಇದನ್ನು 'ಮ್ಯಾಸಚೂಸೆಟ್ಸ್ ನಿಯಮ'ವೆಂದು ಕರೆಯುತ್ತಾರೆ. ಕೆಲವು ರಾಜ್ಯಗಳು ಇದಕ್ಕಿಂತ ಭಿನ್ನವಾದ ನಿಯಮಗಳನ್ನು ಅನುಸರಿಸುತ್ತವೆ.

ಭಾರತದಲ್ಲಿ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ದೆಹಲಿಯ ಮರಗಳ ಬುಡದ ಸುತ್ತ ಒಂದು ಮೀಟರ್ ವ್ಯಾಪ್ತಿಯಲ್ಲಿರುವ ಕಾಂಕ್ರೀಟನ್ನು ತೆರವುಗೊಳಿಸುವಂತೆ ಆದೇಶಿಸಿತು.

ಕರ್ನಾಟಕದಲ್ಲಿ

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಖಾಸಗಿ ಜಾಗದ ಮರವನ್ನು ಕಡಿಯಲು ವೃಕ್ಷಾಧಿಕಾರಿಯ ಪೂರ್ವಾನುಮತಿ ಅಗತ್ಯ. ತೆಂಗು, ನೀಲಗಿರಿ, ಸಿಲ್ವರ್ ಓಕ್ ಮೊದಲಾದ ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ಬುಡಸಮೇತ ಕಡಿಯುವುದು ಮಾತ್ರವಲ್ಲದೆ ಕೊಂಬೆ ಕಡಿಯುವುದು, ಸುತ್ತ ತೊಗಟೆ ಸುಲಿಯುವುದು, ಸುಡುವುದು ಮುಂತಾದ ಹಾನಿಗಳೂ ಕಾಯ್ದೆಯ ವ್ಯಾಖ್ಯೆಯಲ್ಲಿ ಸೇರುತ್ತವೆ.

ಬೆಂಗಳೂರಿನ ರಸ್ತೆಬದಿಯ ಮರಗಳ ಯೋಜನೆಯಲ್ಲಿ 1908ರಲ್ಲಿ ಲಾಲ್‌ಬಾಗ್‌ನ ಹೊಣೆ ಹೊತ್ತ ಜರ್ಮನ್ ಸಸ್ಯತಜ್ಞ ಗುಸ್ಟಾವ್ ಹರ್ಮನ್ ಕ್ರುಂಬಿಗಲ್ (1865–1956) ಅವರ ಪಾತ್ರ ಹಿರಿದು. ವರ್ಷದುದ್ದಕ್ಕೂ ಒಂದಿಲ್ಲೊಂದು ಮರ ಹೂಬಿಡುವಂತೆ ಜಾತಿಗಳನ್ನು ಆಯ್ದು ನೆಡುವ ಕ್ರಮವನ್ನು ಅವರು ಅನುಸರಿಸಿದರು. ಹಳೆಯ ಬಡಾವಣೆಗಳ ಮನೆಯಂಗಳಗಳಲ್ಲಿ ಮಾವು, ಹಲಸು, ತೆಂಗು, ಬೇವು, ಹೊಂಗೆ, ಸಂಪಿಗೆ ಮರಗಳೂ ಬೀದಿಗಳಲ್ಲಿ ಮಳೆಮರ, ಗುಲ್‌ಮೊಹರ್‌ಗಳೂ ಸಾಮಾನ್ಯ. ಮುಂಗಾರಿಗೆ ಮುನ್ನ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಬೀಸುವ ಬಿರುಗಾಳಿ ಸಹಿತ ಮಳೆಗೆ ಮರಗಳು ಉರುಳುವುದು ನಗರದಲ್ಲಿ ಪ್ರತಿವರ್ಷದ ಸಮಸ್ಯೆಯಾಗಿದೆ. ರಸ್ತೆ ಮತ್ತು ಚರಂಡಿ ಕಾಮಗಾರಿಗಳಲ್ಲಿ ಬೇರು ಕತ್ತರಿಸುವುದು, ಬುಡದವರೆಗೆ ಕಾಂಕ್ರೀಟ್ ಹಾಕುವುದು, ತಂತಿಗಾಗಿ ಒಂದೇ ಬದಿಯ ಕೊಂಬೆ ಕಡಿದು ಮರದ ಸಮತೋಲ ಕೆಡಿಸುವುದು ಮರಗಳನ್ನು ದುರ್ಬಲಗೊಳಿಸುತ್ತವೆ. ಆದುದರಿಂದ ಒಣಕೊಂಬೆಗಳ ತೆರವು ಮತ್ತು ಪರೀಕ್ಷೆಯನ್ನು ಬೇಸಿಗೆಯ ಮಳೆಗೆ ಮುಂಚೆಯೇ ಮುಗಿಸುವುದು ಸೂಕ್ತ.

ಮಾವು ಮುಂತಾದ ಮರಗಳ ಕೊಂಬೆಗಳಲ್ಲಿ ಬೆಳೆಯುವ ಬಂದಳಿಕೆಯು ಆಶ್ರಯದಾತ ಮರದಿಂದ ನೀರು ಮತ್ತು ಲವಣಗಳನ್ನು ಹೀರುತ್ತದೆ. ಮೇಲಿನ ಸೊಪ್ಪನ್ನಷ್ಟೇ ಕಿತ್ತರೆ ಅದು ಮತ್ತೆ ಚಿಗುರುವುದರಿಂದ ಅಂಟಿಕೊಂಡ ಜಾಗಕ್ಕಿಂತ ಕೆಳಗೆ ರೆಂಬೆಯನ್ನು ಕತ್ತರಿಸಬೇಕಾಗುತ್ತದೆ. ಮರದ ಪೊಟರೆಯಲ್ಲಿ ಹಕ್ಕಿಗಳಿಂದ ಬೀಜ ಬಿದ್ದು ಮೊಳೆತ ಆಲ, ಅರಳಿ ಸಸಿಗಳನ್ನು ಎಳೆಯದಿರುವಾಗಲೇ ತೆಗೆಯಬೇಕು.

ತೆಂಗಿನ ಮರದ ಆರೈಕೆಯು ಉಳಿದವುಗಳಿಗಿಂತ ಭಿನ್ನ. ಏಕದಳ ಸಸ್ಯವಾದ ತೆಂಗಿನಲ್ಲಿ ಕ್ಯಾಂಬಿಯಂ ಇಲ್ಲದಿರುವುದರಿಂದ ಕಾಂಡದ ಗಾಯವು ಎಂದಿಗೂ ಮುಚ್ಚುವುದಿಲ್ಲ. ಇರುವ ಒಂದೇ ಸುಳಿ ಸತ್ತರೆ ಮರವೇ ಸಾಯುತ್ತದೆ. ಕೆಂಪು ಮೂತಿ ಹುಳು ಕಾಂಡದ ಗಾಯಗಳ ಮೂಲಕ ಪ್ರವೇಶಿಸುವುದರಿಂದ ಹತ್ತಲು ಅನುಕೂಲವಾಗಲೆಂದು ಕಾಂಡದಲ್ಲಿ ಮೆಟ್ಟಿಲು ಕೆತ್ತುವುದು ಹಾನಿಕರ.

ವೃತ್ತಿಪರರ ಆಯ್ಕೆ

ಮರದ ಕೆಲಸ ವಹಿಸುವಾಗ ಲಿಖಿತ ಕಾರ್ಯವಿವರ, ಕೆಲಸಗಾರರ ವಿಮೆ ಮತ್ತು ಸುರಕ್ಷಾ ಸಾಮಗ್ರಿಗಳನ್ನು ವಿಚಾರಿಸುವುದು ವಾಡಿಕೆ. ಯಾವ ಕೊಂಬೆಯನ್ನು ಯಾವ ಕಾರಣಕ್ಕೆ ತೆಗೆಯಲಾಗುತ್ತದೆ ಎಂಬುದನ್ನು ವಿವರಿಸಬಲ್ಲವರು ನಂಬಲರ್ಹರು. ಪರೀಕ್ಷಿಸದೆಯೇ ತಲೆ ಕಡಿಯಲು ಸೂಚಿಸುವುದು ಅಥವಾ ಕಟ್ಟಿಗೆಯ ಬೆಲೆಯನ್ನು ಮುಂದಿಟ್ಟು ಕಡಿಯಲು ಒತ್ತಾಯಿಸುವುದು ಎಚ್ಚರಿಕೆಯ ಸೂಚನೆಗಳು. ಮರವನ್ನು ಕಡಿಯಲು ಸಲಹೆ ನೀಡುವವರೂ ಕಡಿಯುವವರೂ ಒಬ್ಬರೇ ಆಗಿದ್ದಾಗ ಹಿತಾಸಕ್ತಿಯ ಸಂಘರ್ಷ ಉಂಟಾಗಬಹುದಾದ್ದರಿಂದ ದೊಡ್ಡ ಮರಗಳ ವಿಷಯದಲ್ಲಿ ಇನ್ನೊಬ್ಬರ ಅಭಿಪ್ರಾಯ ಪಡೆಯುವುದು ಒಳಿತು. ತೆಗೆಯಲೇಬೇಕಾದ ಮರದ ಬದಲಿಗೆ ಸ್ಥಳಾವಕಾಶ, ತಂತಿಗಳ ಎತ್ತರ ಮತ್ತು ಮಣ್ಣಿಗೆ ಹೊಂದುವ ಜಾತಿಯ ಸಸಿಯನ್ನು ನೆಟ್ಟು, ಮೊದಲ ಹತ್ತು ಹದಿನೈದು ವರ್ಷಗಳಲ್ಲಿ ಸಣ್ಣ ಕತ್ತರಿಕೆಗಳಿಂದಲೇ ಕೊಂಬೆಗಳ ವಿನ್ಯಾಸವನ್ನು ಸರಿಪಡಿಸಿದರೆ ಮುಂದೆ ದೊಡ್ಡ ಗಾಯಗಳನ್ನು ಮಾಡುವ ಅಗತ್ಯ ಬಹಳಷ್ಟು ತಪ್ಪುತ್ತದೆ.